ಊರಿನ ದಫ್ತರ: ಬಾಗಲಕೋಟೆ ಸೀಮೆಯ ಸಂಘ, ಮಠ, ಮನೆತನಗಳ ಕಾಗದಪತ್ರ

ದಫ್ತರ ಎಂಬ ಮಾತಿಗೆ ಬಾಗಲಕೋಟೆ ಸೀಮೆಯಲ್ಲಿ ಎರಡು ಅರ್ಥಗಳಿವೆ. ಕಚೇರಿಯ ಕಪಾಟಿನಲ್ಲಿರುವ ಕಾಗದದ ಕಟ್ಟು ಒಂದು. ದೇಸಾಯಿ, ನಾಡಗೌಡ, ಕುಲಕರ್ಣಿ ಮನೆತನಗಳ ವಾಡೆಗಳಲ್ಲಿ, ಮಠದ ಉಗ್ರಾಣದಲ್ಲಿ, ಪೇಟೆಯ ಅಂಗಡಿಯ ಅಟ್ಟದ ಮೇಲೆ ಚೌಕ ಬಟ್ಟೆಯಲ್ಲಿ ಗಂಟು ಕಟ್ಟಿಟ್ಟ ಖಾಸಗಿ ಕಾಗದಪತ್ರ ಇನ್ನೊಂದು. ಆ ಚೌಕ ಬಟ್ಟೆಗೆ ರುಮಾಲು ಎಂದು ಹೆಸರು. ಒಂದು ಮನೆಯಲ್ಲಿ ಎಷ್ಟು ಕಾಗದವಿದೆ ಎಂಬುದನ್ನು ರುಮಾಲುಗಳ ಲೆಕ್ಕದಲ್ಲೇ ಹೇಳುವುದು ರೂಢಿ. ಮೊದಲನೆಯ ದಫ್ತರಕ್ಕೆ ಕಾಯ್ದೆಯ ಕಾವಲಿದೆ. ಎರಡನೆಯದಕ್ಕೆ ಮನೆಯ ಹಿರಿಯರ ನೆನಪೇ ಕಾವಲು. ಹಿರಿಯರು ತೀರಿ, ಲಿಪಿ ಓದಲು ಬಾರದವರ ಕೈಗೆ ಗಂಟು ಬಂದ ದಿನ ಅದು ರದ್ದಿಯ ತಕ್ಕಡಿಗೆ ಹತ್ತಿರವಾಗುತ್ತದೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಜನ ಹೇಗೆ ಬದುಕಿದರು, ಯಾರೊಡನೆ ಕೂಡಿದರು, ಯಾವುದಕ್ಕೆ ಹಣ ಎತ್ತಿದರು ಎಂಬ ಸಂಗತಿಗಳ ಹೆಚ್ಚಿನ ಪಾಲು ಇರುವುದು ಈ ಎರಡನೆಯ ದಫ್ತರದಲ್ಲಿ.

ಕಡತ ಎಂಬ ಪದವೂ ಇಂದು ಸರಕಾರಿ ಫೈಲಿಗೆ ನಿಂತುಹೋಗಿದೆ. ಮೂಲದಲ್ಲಿ ಅದು ಬಟ್ಟೆ. ಹುಣಸೆಬೀಜದ ಸರಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಯ ಎರಡೂ ಮಗ್ಗುಲಿಗೆ ಬಳಿಯುತ್ತಿದ್ದರು. ಒಣಗಿ ಹಲಗೆಯಂತೆ ಬಿರುಸಾದ ಮೇಲೆ ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಅದರ ಮೇಲೆ ಲೆಕ್ಕ ಬರೆಯುತ್ತಿದ್ದರು. ಕಪ್ಪಿನ ಮೇಲೆ ಬಿಳಿಯ ಅಕ್ಷರ. ಹಸಿ ಬೆರಳು ಆಡಿಸಿದರೆ ಅಳಿಯುತ್ತದೆ. ಮಡಚಿ ಇಟ್ಟರೆ ತಲೆಮಾರುಗಳನ್ನು ದಾಟುತ್ತದೆ. ಇಂಥದೊಂದು ಕಡತವನ್ನು ಧೂಳು ಹೊಡೆಯಲೆಂದು ಒದ್ದೆ ಅರಿವೆಯಿಂದ ಒರೆಸಿದರೆ ನೂರು ವರ್ಷದ ಲೆಕ್ಕ ಒಂದು ಗಳಿಗೆಯಲ್ಲಿ ಹೋಗುತ್ತದೆ. ಹಳೆಯ ದಾಖಲೆಗೆ ಅಲಕ್ಷ್ಯದಿಂದ ಆದಷ್ಟೇ ಕೇಡು ಅರಿಯದೆ ಮಾಡಿದ ಆರೈಕೆಯಿಂದಲೂ ಆಗಿದೆ.

ಈ ಸೀಮೆಯ ಕಾಗದ ಚದುರಿಹೋದದ್ದಕ್ಕೆ ಮುಖ್ಯ ಕಾರಣ ಆಡಳಿತದ ಅಲೆದಾಟ. ಪೇಶ್ವೆಯವರ ಆಳ್ವಿಕೆ 1818ರಲ್ಲಿ ಮುಗಿದ ಮೇಲೆ ಅವರ ಕಾಲದ ದಫ್ತರ ಪುಣೆಯಲ್ಲಿ ಉಳಿಯಿತು. ಕೃಷ್ಣಾ–ಮಲಪ್ರಭಾ ನಡುವಿನ ಊರುಗಳ ಜಮಾಬಂದಿ, ಇನಾಮು, ದೇಶಗತಿ ಜಗಳಗಳ ಕಾಗದವನ್ನು ಮರಾಠಿಯ ಮೋಡಿ ಲಿಪಿಯಲ್ಲಿ ಇಂದಿಗೂ ಅಲ್ಲಿ ಹುಡುಕಬೇಕು. ಮುಂದೆ ಮುಂಬಯಿ ಇಲಾಖೆಯಡಿ ಕಲಾದಗಿ ಜಿಲ್ಲಾ ಕೇಂದ್ರವಾಯಿತು. 1885ರಲ್ಲಿ ಕೇಂದ್ರ ವಿಜಾಪುರಕ್ಕೆ (ಇಂದಿನ ವಿಜಯಪುರಕ್ಕೆ) ಹೋಯಿತು. ಜಿಲ್ಲೆಯ ಹೆಸರೂ ಬದಲಾಯಿತು. ಮೇಲಿನ ಕಚೇರಿಗಳ ಪತ್ರವ್ಯವಹಾರ ಮುಂಬಯಿಯಲ್ಲಿ ಶೇಖರವಾಯಿತು. 1956ರ ನವೆಂಬರ್ 1ರಂದು ಈ ಭಾಗ ಮೈಸೂರು ರಾಜ್ಯಕ್ಕೆ ಸೇರಿದಾಗ ಮುಂದಿನ ಕಾಗದ ಬೆಂಗಳೂರಿನ ದಾರಿ ಹಿಡಿಯಿತು. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾದಾಗ ವಿಜಾಪುರದ ದಾಖಲೆ ಕೋಣೆಯಿಂದ ಏನು ಬರಬೇಕು, ಏನು ಅಲ್ಲೇ ಇರಬೇಕು ಎಂಬ ಪ್ರಶ್ನೆ ಹುಟ್ಟಿತು. 1839ರಲ್ಲಿ ಬಾದಾಮಿ ತಾಲೂಕಿನ ಒಬ್ಬ ರೈತ ಕೊಟ್ಟ ಅರ್ಜಿಯ ಜಾಡು ಹಿಡಿಯಲು ಹೊರಟವನು ನಾಲ್ಕು ಊರು ತಿರುಗಿ, ಮೂರು ಭಾಷೆ ಓದಬೇಕಾಗುತ್ತದೆ.

ಚದುರದೆ ನಿಂತದ್ದು ಕಲ್ಲು ಮಾತ್ರ. ಬಾದಾಮಿಯ ಬಂಡೆಯ ಮೇಲೆ ಮೊದಲನೆಯ ಪುಲಕೇಶಿ ಕೋಟೆ ಕಟ್ಟಿದ ಸಂಗತಿ ಶಕ 465ರ, ಎಂದರೆ ಕ್ರಿ.ಶ. 543ರ ಶಾಸನದಲ್ಲಿದೆ. ಮೂರನೆಯ ಗುಹೆಯಲ್ಲಿ ಮಂಗಲೇಶ ಬರೆಸಿದ 578ರ ಬರಹವಿದೆ. ಅಲ್ಲಿಯೇ ಇರುವ ಅವನ ಕನ್ನಡ ಶಾಸನ ಲಂಜಿಗೇಸರ ಎಂಬ ಊರನ್ನು ಗುಹಾಲಯಕ್ಕೆ ಬಿಟ್ಟುಕೊಟ್ಟದ್ದನ್ನು ಹೇಳುತ್ತದೆ. ದೇವರಿಗೆ ಮಾಲೆ ಕಟ್ಟುವವರ ಪಾಲೂ ಅದರಲ್ಲಿ ಬರುತ್ತದೆ. ರಾಜನ ಹೆಸರು ಎಲ್ಲ ಪುಸ್ತಕಗಳಲ್ಲೂ ಸಿಗುತ್ತದೆ. ಆದರೆ ಸಂಸ್ಥೆಯ ದಾಖಲೆ ಎಂಬ ದೃಷ್ಟಿಯಿಂದ ಈ ಬರಹದ ತಿರುಳು ಹೂವಾಡಿಗರಲ್ಲಿದೆ: ಕೊಟ್ಟವರಾರು, ಕೊಟ್ಟದ್ದೇನು, ಅನುಭವಿಸುವವರಾರು, ಕೆಡಿಸಿದರೆ ಏನಾಗುತ್ತದೆ. ದತ್ತಿಪತ್ರವೊಂದರಲ್ಲಿ ಇರಬೇಕಾದ ಕಲಮುಗಳೆಲ್ಲ ಅಲ್ಲಿವೆ. ಇಂದು ಒಂದು ಮನೆತನ ಹಿರಿಯರ ಹೆಸರಿನಲ್ಲಿ ಠೇವಣಿ ಇಟ್ಟು ವರ್ಷಕ್ಕೊಂದು ಉಪನ್ಯಾಸ ನಡೆಯಲಿ ಎಂದು ಬರೆದುಕೊಡುವ ಪತ್ರವೂ ಇದೇ ಬಳ್ಳಿಯ ಕಾಯಿ.

ಹುನಗುಂದ ತಾಲೂಕಿನ ಐಹೊಳೆ ಎಂದರೆ ಮೇಗುಟಿಯಲ್ಲಿ ರವಿಕೀರ್ತಿ ಬರೆದ 634ರ ಶಾಸನ ನೆನಪಾಗುತ್ತದೆ. ಆದರೆ ಊರಿನ ಹೆಸರನ್ನು ದೂರ ಒಯ್ದದ್ದು ಅಯ್ಯಾವೊಳೆ ಐನೂರ್ವರು ಎಂಬ ವರ್ತಕರ ಕೂಟ. ಈ ಕೂಟದ ಶಾಸನಗಳು ಕರ್ನಾಟಕ, ಆಂಧ್ರ, ತಮಿಳುನಾಡು, ಶ್ರೀಲಂಕಾದಲ್ಲಿ ಹರಡಿವೆ. ಸುಮಾತ್ರಾ ದ್ವೀಪದ ಬಾರೂಸ್ ಬಳಿ 1088ರ ತಮಿಳು ಶಾಸನವೊಂದರಲ್ಲಿಯೂ ಐನೂರ್ವರ ಹೆಸರಿದೆ. ಊರೊಂದು ಹೆಸರು ಕೊಟ್ಟ ಸಂಸ್ಥೆಯ ದಾಖಲೆ ಊರಿನ ಹೊರಗೇ ಹೆಚ್ಚು ಸಿಗುವುದು ಈ ಸೀಮೆಗೆ ಹೊಸತಲ್ಲ ಎನ್ನಲು ಇದಕ್ಕಿಂತ ಹಳೆಯ ಸಾಕ್ಷಿ ಬೇಕಿಲ್ಲ.

ಮನೆತನದ ದಫ್ತರದಲ್ಲಿ ಏನಿರುತ್ತದೆ? ವತನದ ಸನದು, ಇನಾಮು ಕಮಿಷನ್ನಿನ ಮುಂದೆ ಕೊಟ್ಟ ಕೈಫಿಯತ್ತಿನ ನಕಲು, ವಾಟ್ನಿ (ಪಾಲು) ಪತ್ರ, ಅಡವು ಪತ್ರ, ದತ್ತಕ ಪತ್ರ, ಕೋರ್ಟಿನ ಫೈಸಲು, ಹೊಲದ ಉತಾರ, ಜಾತಕ, ಮದುವೆಯ ಖರ್ಚಿನ ಯಾದಿ. ಬಹುಪಾಲು ಮನೆಗಳು ಜೋಪಾನ ಮಾಡಿದ್ದು ಸನದನ್ನು. ಏಕೆಂದರೆ ಆಸ್ತಿ ಅದರ ಮೇಲೆ ನಿಂತಿತ್ತು. 1950ರ ಮುಂಬಯಿ ಕಾಯ್ದೆ ಪರಗಣೆ ಮತ್ತು ಕುಲಕರ್ಣಿ ವತನಗಳನ್ನು ತೆಗೆಯಿತು. 1961ರ ಕಾಯ್ದೆ ಉಳಿದ ಗ್ರಾಮಾಧಿಕಾರಗಳನ್ನೂ ತೆಗೆಯಿತು. ಜನಸಾಮಾನ್ಯರಿಗೆ ನ್ಯಾಯ ಒದಗಿದ ಕಾಲ ಅದು. ಆದರೆ ಅದೇ ಹೊತ್ತಿನಲ್ಲಿ ಕುಲಕರ್ಣಿ ಮನೆಯ ಗಂಟಿಗೆ ವ್ಯವಹಾರದ ಬೆಲೆ ಹೋಯಿತು. ಮೋಡಿ ಓದುವವರೂ ಕಡಿಮೆಯಾದರು. ಕಾನೂನಿಗೆ ಬೇಡವಾದ ಕಾಗದ ಇತಿಹಾಸಕ್ಕೆ ಬೇಕಾಗುವ ನಡುವಿನ ಅವಧಿಯೇ ಅತ್ಯಂತ ಅಪಾಯದ್ದು. ಈ ಸೀಮೆಯ ಬಹಳಷ್ಟು ದಫ್ತರ ಹೋದದ್ದು ಆ ಸಂದಿನಲ್ಲಿ.

ಸನದಿಗಿಂತ ಯಾದಿಯೇ ಹೆಚ್ಚು ಮಾತನಾಡುವುದುಂಟು. ಮದುವೆಯ ಆಹೇರದ ಪಟ್ಟಿಯನ್ನು ನೋಡಬೇಕು. ಎಡಕ್ಕೆ ಕೊಟ್ಟವರ ಹೆಸರು ಮತ್ತು ಊರು, ನಡುವೆ ಸೀರೆಯೋ ಖಣವೋ ಪಾತ್ರೆಯೋ ರೊಕ್ಕವೋ ಎಂಬ ವಿವರ, ಕೊನೆಗೆ ತಿರುಗಿ ಮಾಡಬೇಕಾದ ಉಡುಗೊರೆಯ ಗುರುತು. ಆಸ್ತಿಪತ್ರಗಳಲ್ಲಿ ಕಾಣದ ಹೆಣ್ಣುಮಕ್ಕಳ ಹೆಸರು ಇಲ್ಲಿ ಸಾಲಾಗಿ ಬರುತ್ತದೆ: ಅತ್ತೆ, ಸೋದರತ್ತೆ, ಕೊಟ್ಟ ಮನೆಯ ಮಗಳು, ಓಣಿಯ ಗೆಳತಿ. ಯಾವ ಊರಿಗೆ ಹೆಣ್ಣು ಕೊಟ್ಟರು, ಯಾವ ಜಾತಿಯ ನೆರೆಯವರು ಮದುವೆಗೆ ಬಂದರು, ಬರಗಾಲದ ವರ್ಷ ಉಡುಗೊರೆ ಹೇಗೆ ಇಳಿಯಿತು ಎಂಬುದನ್ನು ಇಂಥ ಹತ್ತು ಪಟ್ಟಿಗಳಿಂದ ಹೇಳಬಹುದು. ದಫ್ತರವನ್ನು ‘ಸ್ವಚ್ಛ’ ಮಾಡುವಾಗ ಎಲ್ಲರೂ ಮೊದಲು ಎಸೆಯುವುದು ಇದನ್ನೇ.

ಕಾಗದವಿಲ್ಲದ ಮನೆಗಳಿಗೂ ಈ ಭಾಗದಲ್ಲಿ ಒಂದು ದಫ್ತರವಿದೆ. ಅದು ನಡೆದಾಡುವ ದಫ್ತರ. ಹೆಳವರು ಸುಗ್ಗಿ ಮುಗಿದ ಮೇಲೆ ಎತ್ತಿನೊಂದಿಗೆ, ಗಂಟೆ ಬಾರಿಸುತ್ತ ಊರಿಗೆ ಬಂದು, ತಮ್ಮ ಪಾಲಿನ ಮನೆಗಳ ಮುಂದೆ ವಂಶಾವಳಿ ಹೇಳುತ್ತಾರೆ. ಮೂಲಪುರುಷ ಎಲ್ಲಿಂದ ಬಂದ, ಕವಲು ಎಲ್ಲಿ ಒಡೆಯಿತು, ಯಾರ ಮಕ್ಕಳು ಯಾವ ಊರಿಗೆ ಹೋಗಿ ನೆಲೆಸಿದರು ಎಂಬುದನ್ನು ಬಾಯಿಪಾಠದಿಂದಲೂ, ಕೈಯಲ್ಲಿರುವ ಹೊತ್ತಿಗೆಯಿಂದಲೂ ಹೇಳುತ್ತಾರೆ. ಹಿಂದಿನ ಸಲ ಬಂದು ಹೋದ ಮೇಲೆ ಹುಟ್ಟಿದ ಮಕ್ಕಳ ಹೆಸರನ್ನು ಬರೆದುಕೊಳ್ಳುತ್ತಾರೆ. ಕಾಳು, ಬಟ್ಟೆ, ಕೆಲವೊಮ್ಮೆ ದನ ಪಡೆದು ಮುಂದಿನ ಊರಿಗೆ ಹೋಗುತ್ತಾರೆ. ಒಕ್ಕಲು ಮನೆಗಳ ಹೆಸರುಗಳನ್ನು ತಲೆಮಾರುಗಟ್ಟಲೆ ಕಾಪಾಡಿದ ಈ ಸಮುದಾಯವನ್ನು ಭಿಕ್ಷುಕರ ಪಟ್ಟಿಯಲ್ಲಿ ಸೇರಿಸಿ ನೋಡಿದ್ದು ದೊಡ್ಡ ಅನ್ಯಾಯ. ಅವರು ವೃತ್ತಿನಿರತ ದಾಖಲೆಗಾರರು. ಜಿಲ್ಲೆಯಲ್ಲಿ ಮನೆತನಗಳ ಸಂಗ್ರಹವೊಂದನ್ನು ಕಟ್ಟುವುದಾದರೆ ಮೊದಲ ಸಂಭಾವನೆ ಹೆಳವರಿಗೆ ಸಲ್ಲಬೇಕು. ಹೊತ್ತಿಗೆ ಅವರದಾಗಿಯೇ ಉಳಿದು, ಅದರ ಪ್ರತಿ ಮತ್ತು ಅವರ ಧ್ವನಿ ಸಂಗ್ರಹಕ್ಕೆ ಬರಬೇಕು.

ಮನೆಯ ಅಟ್ಟದಿಂದ ಇಳಿದ ಗಂಟು ನಾಡಿನ ತಿಳಿವಳಿಕೆಯನ್ನೇ ತಿದ್ದಿದ ಉದಾಹರಣೆಯೂ ಇಲ್ಲಿಯದೇ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫ.ಗು. ಹಳಕಟ್ಟಿಯವರು ವಚನಗಳ ತಾಡೋಲೆಗಳನ್ನು ಕಂಡದ್ದು ಇಂದು ಬಾಗಲಕೋಟೆ ಜಿಲ್ಲೆಯಲ್ಲಿರುವ ರಬಕವಿಯ ಮನೆಯೊಂದರಲ್ಲಿ. ಅಲ್ಲಿಂದ ಶುರುವಾದ ಹುಡುಕಾಟ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವಾಗಿ ಅಚ್ಚಾಯಿತು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಹುಟ್ಟಿತು. ಅವರ ಹೆಸರಿನ ಸಂಶೋಧನ ಕೇಂದ್ರ ವಿಜಯಪುರದಲ್ಲಿದೆ. ಪೂಜೆಯ ಕೋಣೆಯಲ್ಲಿ ಅರಿಸಿನ ಕುಂಕುಮ ಹಚ್ಚಿಸಿಕೊಳ್ಳುತ್ತಿದ್ದ ಓಲೆಗಳು ಓದುಗರ ಕೈಗೆ ಬಂದದ್ದು ಹೀಗೆ. ಪೂಜೆಯೇ ಅವುಗಳನ್ನು ಉಳಿಸಿತ್ತು ಎಂಬುದನ್ನೂ ಮರೆಯುವಂತಿಲ್ಲ.

ಸಂಘಸಂಸ್ಥೆಗಳ ಕಾಗದ ಬೇರೆ ಬಗೆಯದು. ಬಾಗಲಕೋಟೆಯ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ ಹುಟ್ಟಿದ್ದು 1906ರಲ್ಲಿ. ಅದೇ ಸಂಘದ ಇಂಜಿನಿಯರಿಂಗ್ ಕಾಲೇಜು 1963ರದು. ಇಳಕಲ್ಲಿನ ಚಿತ್ತರಗಿ ವಿಜಯಮಹಾಂತೇಶ ಮಠ ಮತ್ತು ಅದರ ಹೆಸರಿನ ವಿದ್ಯಾಸಂಸ್ಥೆಗಳು ಹುನಗುಂದ ಸೀಮೆಯ ಶಾಲೆ, ವಸತಿನಿಲಯ, ದಾಸೋಹದ ನಡುವೆ ಬೆಳೆದಿವೆ. ಡಾ. ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಜನರ ದುಶ್ಚಟಗಳನ್ನು ಭಿಕ್ಷೆ ಬೇಡಿದ ‘ಮಹಾಂತ ಜೋಳಿಗೆ’ಯೂ ಈ ಮಠದ್ದೇ, ಅವರ ಜನ್ಮದಿನ ಆಗಸ್ಟ್ 1 ಇಂದು ರಾಜ್ಯದಲ್ಲಿ ವ್ಯಸನಮುಕ್ತ ದಿನ. ಇಂಥ ಸಂಸ್ಥೆಗಳ ಇತಿಹಾಸವನ್ನು ಸ್ಮರಣ ಸಂಚಿಕೆಗಳಿಂದ ಬರೆಯುವುದು ರೂಢಿಯಾಗಿದೆ. ಸ್ಮರಣ ಸಂಚಿಕೆ ಆದದ್ದನ್ನು ಹೇಳುತ್ತದೆ. ಆಗದೆ ಹೋದದ್ದು, ವಾದಕ್ಕೆ ಬಿದ್ದದ್ದು, ಮುಂದೂಡಿದ್ದು ಠರಾವು ಪುಸ್ತಕದಲ್ಲಿರುತ್ತದೆ. ಹುಡುಗಿಯರಿಗೆ ಪ್ರವೇಶ ಕೊಡುವ ಮಾತು ಯಾವ ಸಭೆಯಲ್ಲಿ ಮೊದಲು ಬಂತು, ಯಾರು ಅನುಮೋದಿಸಿದರು, ಎಷ್ಟು ಸಭೆಗಳ ನಂತರ ಪಾಸಾಯಿತು ಎಂಬುದನ್ನು ಬೇರಾವ ಪುಸ್ತಕವೂ ಹೇಳದು.

ಠರಾವು ಪುಸ್ತಕ ಕಳೆದರೂ ಜಾಡು ಪೂರ್ತಿ ಅಳಿಯುವುದಿಲ್ಲ. ನೋಂದಾಯಿತ ಸಂಘಗಳು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಂತೆ ಆಡಳಿತ ಮಂಡಳಿಯ ಯಾದಿ ಮತ್ತು ಲೆಕ್ಕಪತ್ರವನ್ನು ವರ್ಷವರ್ಷ ಸಲ್ಲಿಸಬೇಕು. ಮುಂಬಯಿ ಕರ್ನಾಟಕದ ಮಠ, ಗುಡಿ, ಧರ್ಮಶಾಲೆಗಳು 1950ರ ಮುಂಬಯಿ ಸಾರ್ವಜನಿಕ ನ್ಯಾಸಗಳ ಕಾಯ್ದೆಯಡಿ ನೋಂದಣಿಯಾಗುತ್ತಿದ್ದವು. ಆ ನೋಂದಣಿಯಲ್ಲಿ ಸಂಸ್ಥೆಯ ಉದ್ದೇಶ, ವಹಿವಾಟುದಾರರು, ಸ್ಥಿರ–ಚರ ಆಸ್ತಿ ಎಲ್ಲ ಬರೆಯಬೇಕಿತ್ತು. ಸಹಕಾರಿ ಸಂಘಗಳ ಕಾಗದ ಇನ್ನೂ ಸಮೃದ್ಧ. ನೆರೆಯ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಕೃಷಿ ಪತ್ತಿನ ಸಂಘ ಹುಟ್ಟಿದ ಮೇಲೆ ಈ ಭಾಗದ ಹಳ್ಳಿಹಳ್ಳಿಗೂ ಪತ್ತಿನ ಸಂಘ ಬಂತು. ಅವುಗಳ ಸಾಲದ ಅರ್ಜಿಯಲ್ಲಿ ಹೊಲ, ಎತ್ತು, ಕೂಡಿಬಾಳುವವರ ಸಂಖ್ಯೆ, ಜಾಮೀನುದಾರರ ಹೆಸರು ಸಿಗುತ್ತವೆ. ಯಾರ ಮಾತನ್ನು ಯಾರು ನಂಬುತ್ತಿದ್ದರು ಎಂಬುದಕ್ಕೆ ಜಾಮೀನು ಪತ್ರಕ್ಕಿಂತ ನೇರ ಸಾಕ್ಷಿ ಇನ್ನೊಂದಿಲ್ಲ.

ಇಳಕಲ್ಲಿನಲ್ಲಿ ಮಗ್ಗದ ಮನೆಯ ವಹಿಯೇ ಊರಿನ ಚರಿತ್ರೆ. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡರ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಕೆಂಪು–ಬಿಳಿಯ ಟೋಪತೆನಿ ಸೆರಗು ಈ ಕೊಂಡಿಯಿಂದ ಹುಟ್ಟುತ್ತದೆ. ಮಾಲೀಕರು ನೇಕಾರರಿಗೆ ನೂಲು ಕೊಟ್ಟು ಸೀರೆ ತರಿಸಿಕೊಳ್ಳುವ ಪದ್ಧತಿಯಲ್ಲಿ ಪ್ರತಿ ನೇಕಾರನಿಗೊಂದು ಖಾತೆ. ದೀಪಾವಳಿ ಪಾಡ್ಯದಂದು ಕೆಂಪು ಬಟ್ಟೆಯ ರಟ್ಟಿನ ಹೊಸ ವಹಿಗೆ ಪೂಜೆಯಾಗುತ್ತದೆ. ಮೊದಲ ಪುಟದ ನೆತ್ತಿಯಲ್ಲಿ ‘ಶ್ರೀ’, ಅದರ ಕೆಳಗೆ ಕುಂಕುಮದ ಬೊಟ್ಟು. ಒಳಪುಟದಲ್ಲಿ ಕೊಟ್ಟ ನೂಲಿನ ತೂಕ, ಬಣ್ಣ, ಹಾಸಿನ ಉದ್ದ, ಬಂದ ಸೀರೆಗಳ ಲೆಕ್ಕ, ಮಜೂರಿ, ಮುಂಗಡ. ಮುಂಗಡದ ಕಾಲಂ ಮಾತ್ರ ವರ್ಷದಿಂದ ವರ್ಷಕ್ಕೆ ಮುಂದಿನ ವಹಿಗೆ ದಾಟುತ್ತ ಹೋಗುತ್ತದೆ, ಕೆಲವೊಮ್ಮೆ ತಂದೆಯ ಹೆಸರಿನಿಂದ ಮಗನ ಹೆಸರಿಗೆ. ನೇಕಾರನ ಸಾಲದ ಕಥೆ ಅಂಕಿಗಳಲ್ಲಿ ಇಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ಸಿಗುವುದಿಲ್ಲ. ನಮೂನೆಗೆಂದು ಅಂಟಿಸಿದ ಬಟ್ಟೆಯ ತುಂಡುಗಳೂ ದಾಖಲೆಯೇ. ದಡಿಯಲ್ಲಿ ಗೋಮಿ, ಚಿಕ್ಕಿಪರಾಸು ವಿನ್ಯಾಸಗಳು ಹೇಗಿದ್ದವು, ಬಣ್ಣ ಯಾವಾಗ ಬದಲಾಯಿತು ಎಂಬುದನ್ನು ಅವು ತೋರಿಸುತ್ತವೆ. ವಹಿಯನ್ನು ಪತ್ರಾಗಾರಕ್ಕೂ ಬಟ್ಟೆಯ ತುಂಡನ್ನು ವಸ್ತುಸಂಗ್ರಹಾಲಯಕ್ಕೂ ಕಳುಹಿಸಿ ಬೇರ್ಪಡಿಸಿದರೆ ಎರಡೂ ಮೂಕವಾಗುತ್ತವೆ.

ಸಂಘ ಎನ್ನಿಸಿಕೊಳ್ಳದ ಸಂಘಗಳೂ ಇವೆ. ಬಾಗಲಕೋಟೆಯ ಹೋಳಿ ಹಬ್ಬ ನಾಡಿನಲ್ಲೇ ಹೆಸರಾದದ್ದು. ಪೇಟೆಪೇಟೆಯ ಜನ ಹಲಗೆಯ ಸದ್ದಿನೊಂದಿಗೆ ಬಣ್ಣದ ಬಂಡಿಗಳನ್ನು ಹೊರಡಿಸುತ್ತಾರೆ. ಇದರ ಹಿಂದೆ ವರ್ಗಣಿಯ ಪಟ್ಟಿ, ಖರ್ಚಿನ ಚೀಟಿ, ಸರದಿಯ ಒಪ್ಪಂದ ಇದ್ದೇ ಇರುತ್ತವೆ. ಗರಡಿಮನೆ, ಭಜನಾ ಮಂಡಳಿ, ವಾಚನಾಲಯ, ಅಧಿಕಾರಿಗಳ ಕ್ಲಬ್ಬು, ವರ್ತಕರ ಸಂಘ ಇವೆಲ್ಲವೂ ಈ ಬಗೆಯವೇ. ಬಾದಾಮಿ ಬಳಿಯ ಬನಶಂಕರಿಯಲ್ಲಿ ಬನದ ಹುಣ್ಣಿಮೆಗೆ ಶುರುವಾಗುವ ಜಾತ್ರೆಯಲ್ಲಿ ವೃತ್ತಿ ನಾಟಕ ಕಂಪನಿಗಳು ವಾರಗಟ್ಟಲೆ ಬಿಡಾರ ಹೂಡುತ್ತವೆ. ಅವುಗಳ ಕರಪತ್ರ ಒಂದು ರಾತ್ರಿಯ ಬಾಳಿನದು: ನಾಟಕದ ಹೆಸರು, ನಟನಟಿಯರ ಹೆಸರು, ಟಿಕೆಟ್ಟಿನ ದರ, ಹೆಂಗಸರಿಗೆ ಬೇರೆ ಆಸನ ಎಂಬ ಸೂಚನೆ. ಇಸವಿ ಹಾಕುವ ಪದ್ಧತಿ ಅದರಲ್ಲಿ ಇಲ್ಲವೆಂದೇ ಹೇಳಬೇಕು. ಸಂಗ್ರಹಿಸಿದವರು ಹಿಂಬದಿಗೆ ಪೆನ್ಸಿಲ್ಲಿನಲ್ಲಿ ವರ್ಷ ಬರೆದಿಟ್ಟರೆ ಮಾತ್ರ ಅದು ರಂಗಭೂಮಿಯ ದಾಖಲೆಯಾಗುತ್ತದೆ.

ಚೆನ್ನಾಗಿ ಉಳಿದ ಒಂದು ಸಂಗ್ರಹ ಬಹು ದೂರದಲ್ಲಿದೆ. ಬಾಸೆಲ್ ಮಿಷನ್ 1837ರಲ್ಲಿ ಧಾರವಾಡಕ್ಕೆ ಬಂತು. 1851ರಲ್ಲಿ ಅಂದಿನ ಬಾದಾಮಿ ತಾಲೂಕಿನ ಗುಳೇದಗುಡ್ಡದಲ್ಲಿ ಠಾಣೆ ಮಾಡಿತು. ಠಾಣೆಯ ಪಾದ್ರಿಗಳು ಕ್ರಮವಾಗಿ ವರದಿ ಬರೆದು ಸ್ವಿಟ್ಜರ್ಲೆಂಡಿಗೆ ಕಳುಹಿಸಬೇಕೆಂಬುದು ನಿಯಮ. ಆ ವರದಿಗಳು, ನಕ್ಷೆಗಳು, ಫೋಟೋಗಳು ಬಾಸೆಲ್ ನಗರದ ಪತ್ರಾಗಾರದಲ್ಲಿ ಊರುವಾರು, ವರ್ಷವಾರು ಜೋಡಣೆಯಾಗಿವೆ. ಖಣದ ನೇಕಾರರ ಊರಿನ ಬರ, ಕಾಲರಾ, ಶಾಲೆ, ಜಾತಿಜಗಳಗಳ ವಿವರ ಹಳೆಯ ಜರ್ಮನ್ ಕೈಬರಹದಲ್ಲಿ ಅಲ್ಲಿ ಕೂತಿದೆ. ಅದು ಪರಕೀಯರ, ಮತಪ್ರಚಾರಕರ ಕಣ್ಣಿನಿಂದ ಕಂಡ ಊರು. ಅದನ್ನು ತೂಗಿ ನೋಡಲು ಸ್ಥಳೀಯ ವಹಿಗಳು ಬೇಕು. ಇದೇ ಮಾತು 1874ರಲ್ಲಿ ಜೇಮ್ಸ್ ಬರ್ಜೆಸ್ ಬೆಳಗಾವಿ–ಕಲಾದಗಿ ಜಿಲ್ಲೆಗಳ ಶಿಲ್ಪಗಳ ಮೇಲೆ ಬರೆದ ವರದಿಗೂ, ಜೆ.ಎಫ್. ಫ್ಲೀಟ್ ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಮಾಡಿಸಿದ ಲಾವಣಿಗಳಿಗೂ ಸಲ್ಲುತ್ತದೆ. 1857ರ ಹಲಗಲಿ ಬೇಡರ ದಂಗೆಯ ಲಾವಣಿ ಉಳಿದದ್ದು ಅದನ್ನು ಹಾಡಿದವರ ಬಾಯಲ್ಲಿ ಮತ್ತು ದಂಗೆಯನ್ನು ಹತ್ತಿಕ್ಕಿದ ಸರಕಾರದ ಅಧಿಕಾರಿಯೇ ಆಗಿದ್ದ ಫ್ಲೀಟ್‌ನ ಬರಹದಲ್ಲಿ.

ಊರಿನ ಕಾಗದಕ್ಕೆ ಬಿದ್ದ ದೊಡ್ಡ ಪೆಟ್ಟು ಮುಳುಗಡೆ. ಆಲಮಟ್ಟಿ ಅಣೆಕಟ್ಟಿಗೆ 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟರು. ಹಿನ್ನೀರಿಗೆ ಸಿಗುವ ಬಾಗಲಕೋಟೆಯನ್ನು ಎಬ್ಬಿಸಿ ನವನಗರ ಕಟ್ಟಲು 1983ರಲ್ಲಿ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ ರಚನೆಯಾಯಿತು. ಮನೆ ಬಿಡುವ ಕುಟುಂಬ ಬಾಗಿಲು, ತೊಲೆ, ಕಂಬ, ದೇವರ ಜಗುಲಿಯ ಕಲ್ಲು ಕಿತ್ತು ಹೇರಿಕೊಂಡು ಹೋಯಿತು. ಅಟ್ಟದ ಗಂಟಿಗೆ ಬಂಡಿಯಲ್ಲಿ ಜಾಗ ಕೊನೆಗೆ. ಹಳೆಯ ವಾಡೆಯಲ್ಲಿ ಅಟ್ಟವಿತ್ತು, ಮಾಡು ಇತ್ತು, ಉಗ್ರಾಣವಿತ್ತು. ಹೊಸ ನಿವೇಶನದ ಮನೆಯಲ್ಲಿ ಅವಿಲ್ಲ. ದಫ್ತರ ಹೋದದ್ದು ನೀರಿಗಿಂತ ಹೆಚ್ಚಾಗಿ ಅಟ್ಟವಿಲ್ಲದ ಮನೆಯಿಂದ.

ಆದರೂ ಮುಳುಗಡೆಯೇ ಒಂದು ದೊಡ್ಡ ದಾಖಲೆಯನ್ನು ಹುಟ್ಟಿಸಿತು. ಪರಿಹಾರ ಪಡೆಯಲು ಮನೆ ತಮ್ಮದೆಂದು ತೋರಿಸಬೇಕಿತ್ತು. ಮರೆತುಹೋಗಿದ್ದ ವಾಟ್ನಿ ಪತ್ರ, ಸಿಟಿ ಸರ್ವೆ ಉತಾರ, ಪುರಸಭೆಯ ಕರದ ಪಾವತಿ, ವಾರಸಾ ಪತ್ರಗಳೆಲ್ಲ ಪೆಟ್ಟಿಗೆಯಿಂದ ಹೊರಬಂದು ಕಡತ ಸೇರಿದವು. ಬೆಲೆ ಕಟ್ಟಬೇಕಾದರೆ ಗೋಡೆ ಮಣ್ಣಿನದೋ ಕಲ್ಲಿನದೋ, ಮಾಳಿಗೆ ಎಂಥದು, ತೊಲೆ ಯಾವ ಮರದ್ದು, ಹಿತ್ತಿಲಲ್ಲಿ ಬಾವಿ ಇದೆಯೋ, ಗಿಡಗಳೆಷ್ಟು ಎಂದು ಅಳೆದು ಬರೆಯಲೇಬೇಕು. ಹೀಗಾಗಿ ಹಳೆಯ ಬಾಗಲಕೋಟೆಯ ಓಣಿಓಣಿಯ ಚಿತ್ರ ಭೂಸ್ವಾಧೀನದ ಅವಾರ್ಡ್ ಕಡತಗಳಲ್ಲಿದೆ. ಲೆಕ್ಕ ಮುಗಿದ ಕಡತವೆಂದು ಅವಧಿ ಮೀರಿದ ಮೇಲೆ ಅವನ್ನು ನಾಶಪಡಿಸಿದರೆ ಊರು ಎರಡನೆಯ ಸಲ ಮುಳುಗಿದಂತೆ. ಪರಿಹಾರದ ಕಾಗದವನ್ನು ಶಾಶ್ವತ ದಾಖಲೆ ಎಂದು ವರ್ಗೀಕರಿಸುವುದು ಈ ಜಿಲ್ಲೆಯಲ್ಲಿ ಎಲ್ಲಕ್ಕಿಂತ ಮೊದಲು ಆಗಬೇಕಾದ ಕೆಲಸ.

ಇದರ ಮೇಲೆ ಪ್ರವಾಹ. 2009ರ ಸೆಪ್ಟೆಂಬರ್ ಕೊನೆಯಲ್ಲಿ, ಮತ್ತೆ 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಬಾದಾಮಿ, ಹುನಗುಂದ ತಾಲೂಕುಗಳ ಹೊಳೆದಂಡೆಯ ಊರುಗಳಿಗೆ ನುಗ್ಗಿತು. ಪಟ್ಟದಕಲ್ಲಿನ ಗುಡಿಗಳೂ ನೀರಿನಲ್ಲಿ ನಿಂತವು. ನೆನೆದ ವಹಿಯನ್ನು ಬಿಸಿಲಿಗೆ ಹರಡಿದರೆ ಹಾಳೆ ಮುರುಟಿ ಅಂಟಿಕೊಳ್ಳುತ್ತದೆ. ನೆರಳಿನಲ್ಲಿ, ಗಾಳಿಯಾಡುವಲ್ಲಿ, ಹಾಳೆಗಳ ನಡುವೆ ಶಾಯಿಹೀರುವ ಕಾಗದವಿಟ್ಟು, ಅದನ್ನು ಆಗಾಗ ಬದಲಿಸುತ್ತ ಒಣಗಿಸಬೇಕು. ಎರಡು ದಿನ ತಡವಾದರೆ ಬೂಷ್ಟು.

ಸಂಗ್ರಹ ಕಟ್ಟುವ ಶಾಸ್ತ್ರ ಎರಡು ತತ್ತ್ವಗಳ ಮೇಲೆ ನಿಂತಿದೆ. ಒಂದು ಮೂಲದ ಕಾಗದವನ್ನು ಇನ್ನೊಂದು ಮೂಲದ ಕಾಗದದೊಡನೆ ಬೆರೆಸಬಾರದು ಎಂಬುದು ಮೊದಲನೆಯದು. ಫ್ರಾನ್ಸಿನ ಪತ್ರಾಗಾರಗಳು 1841ರಲ್ಲಿ ಇದನ್ನು ನಿಯಮ ಮಾಡಿದವು. ಇಟ್ಟವರು ಇಟ್ಟ ಕ್ರಮವನ್ನು ಕೆಡಿಸಬಾರದು ಎಂಬುದು ಎರಡನೆಯದು. ವಿಷಯವಾರು ಜೋಡಿಸುವ ಹುಮ್ಮಸ್ಸಿನಲ್ಲಿ ಹತ್ತು ಮನೆಗಳ ಸನದುಗಳನ್ನು ಒಂದೆಡೆ, ಪತ್ರಗಳನ್ನು ಇನ್ನೊಂದೆಡೆ ಇಟ್ಟರೆ ಯಾವ ಕಾಗದ ಯಾವುದಕ್ಕೆ ಉತ್ತರ ಎಂಬುದು ಮುಂದೆಂದೂ ತಿಳಿಯದು. ಇಂಗ್ಲೆಂಡಿನ ಬೆಡ್‌ಫರ್ಡ್‌ಶೈರ್ 1913ರಲ್ಲಿ ಜಿಲ್ಲಾ ಮಟ್ಟದ ದಾಖಲೆ ಕಚೇರಿಯನ್ನು ತೆರೆದು ಚರ್ಚು, ಎಸ್ಟೇಟು, ಮನೆತನಗಳ ಕಾಗದವನ್ನು ಒಂದೇ ಮಾಡಿನಡಿ ತಂದಿತು. ಕರ್ನಾಟಕ ರಾಜ್ಯ ಪತ್ರಾಗಾರ 1973ರದು. ಅದರ ಧ್ಯೇಯ ಮುಖ್ಯವಾಗಿ ಸರಕಾರಿ ದಾಖಲೆ. ಧಾರವಾಡದಲ್ಲಿ 1939ರಲ್ಲಿ ಆರಂಭವಾದ ಕನ್ನಡ ಸಂಶೋಧನ ಸಂಸ್ಥೆಯ ಒಲವು ಶಾಸನ, ಹಸ್ತಪ್ರತಿಗಳತ್ತ. ನಡುವೆ ಬೀಳುವ ಕಿರ್ದಿ, ಠರಾವು, ಯಾದಿ, ಕರಪತ್ರಗಳಿಗೆ ಜಿಲ್ಲೆಯಲ್ಲೇ ಮನೆ ಬೇಕು.

ಅದಕ್ಕೆ ಭವ್ಯ ಕಟ್ಟಡ ಬೇಕಿಲ್ಲ. ನೀರು ಮುಟ್ಟದ ಎತ್ತರದಲ್ಲಿ ಎರಡು ಒಣ ಕೋಣೆ, ಗೋಡೆಯಿಂದ ಗೇಣು ಬಿಟ್ಟು ನಿಲ್ಲಿಸಿದ ಕಬ್ಬಿಣದ ಕಪಾಟು, ಮೋಡಿ ಬಲ್ಲ ಒಬ್ಬರು, ಸ್ಕ್ಯಾನ್ ಮಾಡುವ ಒಬ್ಬರು ಸಾಕು. ಕಾಗದ ಕೊಡುವ ಮನೆತನದೊಡನೆ ಕರಾರು ಆಗಬೇಕು: ಒಡೆತನ ಯಾರದು, ಮರಳಿ ಕೇಳಬಹುದೇ, ಬದುಕಿರುವವರ ಮಾನಕ್ಕೆ ತಾಗುವ ಪತ್ರಗಳನ್ನು ಎಷ್ಟು ವರ್ಷ ಮುಚ್ಚಿಡಬೇಕು. ಆಸ್ತಿಯ ತಂಟೆ ಏಳಬಹುದೆಂಬ ಅಂಜಿಕೆಯಿಂದ ಗಂಟು ಬಿಚ್ಚದ ಮನೆಗಳು ಬಹಳ. ಈ ಕರಾರು ಸ್ಪಷ್ಟವಿದ್ದರೆ ಅರ್ಧ ಅಂಜಿಕೆ ಹೋಗುತ್ತದೆ.

ಗಂಟು ಬಂದ ದಿನ ಅದನ್ನು ತಕ್ಷಣ ಬಿಚ್ಚುವುದಿಲ್ಲ. ತಂದವರ ಹೆಸರು, ಊರು, ಮನೆಯಲ್ಲಿ ಅದು ಇದ್ದ ಜಾಗ, ಜೊತೆಗಿದ್ದ ವಸ್ತುಗಳನ್ನು ದಾಖಲೆ ವಹಿಯಲ್ಲಿ ಬರೆದು, ಕಟ್ಟಿದ್ದಂತೆಯೇ ಫೋಟೋ ತೆಗೆಯುತ್ತಾರೆ. ಹುಳುವಿದೆಯೇ ಎಂದು ನೋಡಲು ಕೆಲವು ವಾರ ಬೇರೆ ಕೋಣೆಯಲ್ಲಿಡುತ್ತಾರೆ. ಆಮೇಲೆ ಒಣ ಮೆತ್ತನೆಯ ಕುಂಚದಿಂದ ಧೂಳು ತೆಗೆದು, ಒಂದೊಂದೇ ಹಾಳೆಗೆ ಮೂಲೆಯಲ್ಲಿ ಪೆನ್ಸಿಲ್ಲಿನಿಂದ ಸಂಖ್ಯೆ ಹಾಕುತ್ತಾರೆ. ಟಾಚಣಿ, ಸ್ಟೇಪಲ್ ಪಿನ್ನು ತೆಗೆಯುತ್ತಾರೆ. ಸೆಲೋಟೇಪ್ ಹತ್ತಿರ ಸುಳಿಯಬಾರದು, ಲ್ಯಾಮಿನೇಷನ್ ಅಂತೂ ಕೂಡದು. ಮಡಿಕೆ ಮುರಿಯುವ ಹಾಳೆಯನ್ನು ಬಲವಂತದಿಂದ ಬಿಡಿಸದೆ ಹಾಗೆಯೇ ಲಕೋಟೆಯಲ್ಲಿಡುತ್ತಾರೆ. ಯಾದಿ ಬರೆದು, ಪ್ರತಿ ತೆಗೆದು ಮುಗಿದ ಮೇಲೆ ಹಾಳೆಗಳು ಬಂದ ಕ್ರಮದಲ್ಲೇ ಪೆಟ್ಟಿಗೆ ಸೇರುತ್ತವೆ. ಯಾದಿಯ ಒಂದು ಪ್ರತಿ ಮನೆಯವರಿಗೆ. ಹಳೆಯ ರುಮಾಲನ್ನು ಒಗೆಯದೆ, ಅದಕ್ಕೂ ಒಂದು ಸಂಖ್ಯೆ ಕೊಟ್ಟು, ಅದೇ ಪೆಟ್ಟಿಗೆಯ ತಳದಲ್ಲಿ ಮಡಚಿ ಇಡುತ್ತಾರೆ.